ಎಂಟನೆಯ ಮೈಲಿಯ ರಸ್ತೆ

ಡೆಟ್ರಾಯಿಟ್ ನಗರ ಎಲ್ಲಿ ಮುಗಿಯುತ್ತದೆಂದು ಅಲ್ಲಿಯವರನ್ನು ಕೇಳಿದರೆ ದೊರೆಯುವ ಉತ್ತರ ಒಂದೇ: ಎಯ್ಟ್ ಮೈಲ್ ರೋಡ್, ಅಂದರೆ ಎಂಟನೆಯ ಮೈಲಿಯ ರಸ್ತೆ. ಅದರ ದಕ್ಷಿಣಕ್ಕೆ ನಗರ. ಉತ್ತರಕ್ಕೆ ಓಕ್ಲೆಂಡ್ ಮತ್ತು ಮಕೋಮ್ ಎಂಬ ಎರಡು ಕೌಂಟಿಗಳ ಉಪನಗರಗಳು. ದಾಟಲು ಎರಡು ನಿಮಿಷವೂ ಬೇಡ. ಆದರೂ ಅಮೆರಿಕದ ಅಧ್ಯಕ್ಷರು ಯಾರಾಗಬೇಕೆಂಬ ಪ್ರಶ್ನೆ ಅನೇಕ ಬಾರಿ ಈ ರಸ್ತೆಯ ಆಚೆ ಈಚೆಯ ಮತಗಳ ಮೇಲೆ ತೂಗಾಡಿದೆ.

ಅಮೆರಿಕದ ಉಪನಗರವನ್ನು ನಗರದ ಒಂದು ಬಡಾವಣೆಯೆಂದು ತಿಳಿಯಬಾರದು. ಅದಕ್ಕೆ ತನ್ನದೇ ಪುರಸಭೆ, ಪೊಲೀಸು, ಶಾಲಾ ಮಂಡಲಿ ಇರುತ್ತವೆ. ಶಾಲೆಗಳು ಬಹುಕಾಲ ಮುಖ್ಯವಾಗಿ ಸ್ಥಳೀಯ ಆಸ್ತಿ ತೆರಿಗೆಯಿಂದಲೇ ನಡೆದವು. ಆದುದರಿಂದ ಮನೆಯ ಬೆಲೆ, ಮಕ್ಕಳ ಶಾಲೆ, ನೆರೆಹೊರೆಯವರ ಬಣ್ಣ—ಈ ಮೂರೂ ಒಂದೇ ಗಂಟಿನೊಳಗೆ ಸೇರಿಕೊಂಡವು.

ಆ ಗಂಟು ಹೇಗೆ ಬಿದ್ದಿತೆಂಬುದಕ್ಕೆ ಒಂದು ಗೋಡೆ ಸಾಕ್ಷಿಯಾಗಿದೆ. 1941ರಲ್ಲಿ ಎಂಟನೆಯ ಮೈಲಿಯ ಬಳಿ ಬಿಳಿಯರಿಗಾಗಿ ಮನೆ ಕಟ್ಟಿಸಲು ಹೊರಟ ಗುತ್ತಿಗೆದಾರನೊಬ್ಬನಿಗೆ, ಪಕ್ಕದಲ್ಲಿ ಕಪ್ಪು ಜನರ ಕೇರಿ ಇದೆಯೆಂಬ ಕಾರಣದಿಂದ, ಸರಕಾರದ ಸಾಲದ ಭರವಸೆ ದೊರೆಯಲಿಲ್ಲ. ಆತ ಎರಡರ ನಡುವೆ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟು ಗೋಡೆ ಎಬ್ಬಿಸಿದ. ಸಾಲ ಮಂಜೂರಾಯಿತು! ಗೋಡೆ ಇಂದಿಗೂ ನಿಂತಿದೆ. ಅದರ ಒಂದು ಭಾಗದ ಮೇಲೆ ಬಣ್ಣದ ಚಿತ್ರಗಳನ್ನು ಬರೆದಿದ್ದಾರೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸುಲಭ ಸಾಲ ಮತ್ತು ಹೊಸ ಹೆದ್ದಾರಿಗಳ ಬೆಂಬಲದಿಂದ ಬಿಳಿಯ ಕುಟುಂಬಗಳು ರಸ್ತೆ ದಾಟಿದವು. 1950ರಲ್ಲಿ ಹದಿನೆಂಟು ಲಕ್ಷಕ್ಕೂ ಮಿಕ್ಕಿದ್ದ ಡೆಟ್ರಾಯಿಟಿನ ಜನಸಂಖ್ಯೆ 2020ರ ವೇಳೆಗೆ ಆರು ಲಕ್ಷ ನಲವತ್ತು ಸಾವಿರದೊಳಗೆ ಇಳಿದಿತ್ತು. ಮಕೋಮಿಗೆ ಹೋದವರಲ್ಲಿ ಮೋಟಾರು ಕಾರ್ಖಾನೆಗಳ ಕೆಲಸಗಾರರು, ಕಾರ್ಮಿಕ ಸಂಘದ ನಿಷ್ಠಾವಂತರು ಬಹಳ ಮಂದಿ. ಮನೆ ಬದಲಾದರೂ ಪಕ್ಷ ಬದಲಾಗಿರಲಿಲ್ಲ. 1960ರಲ್ಲಿ ಮಕೋಮ್ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮತಗಳನ್ನು ಡೆಮಾಕ್ರಟಿಕ್ ಪಕ್ಷದ ಕೆನೆಡಿಯವರಿಗೆ ನೀಡಿತು. ಸಿರಿವಂತರ ಓಕ್ಲೆಂಡ್ ರಿಪಬ್ಲಿಕನ್ ಪಕ್ಷದ ನಿಕ್ಸನ್ನರ ಪರವಾಗಿತ್ತು. ಆಗಿನ ಲೆಕ್ಕ ಸರಳ: ದುಡಿಯುವವರು ಒಂದು ಕಡೆ, ಧಣಿಗಳು ಇನ್ನೊಂದು ಕಡೆ.

ಈ ಲೆಕ್ಕವನ್ನು ಕೆಡಿಸಿದ್ದು ಶಾಲೆಯ ಬಸ್ಸು. 1967ರಲ್ಲಿ ಡೆಟ್ರಾಯಿಟಿನ ದಂಗೆಯಲ್ಲಿ 43 ಮಂದಿ ಸತ್ತರು. ನಗರ ಬಿಡುವವರ ಅವಸರ ಇಮ್ಮಡಿಯಾಯಿತು. 1972ರಲ್ಲಿ ನ್ಯಾಯಾಧೀಶರೊಬ್ಬರು, ನಗರದ ಮತ್ತು 53 ಉಪನಗರ ಶಾಲಾ ವಲಯಗಳ ಮಕ್ಕಳನ್ನು ಬಸ್ಸಿನಲ್ಲಿ ಅತ್ತಿತ್ತ ಒಯ್ದು ಒಟ್ಟಿಗೆ ಓದಿಸಬೇಕೆಂದು ಆಜ್ಞಾಪಿಸಿದರು. ಮಕೋಮ್ ಕಿಡಿಕಾರಿತು. ಆ ವರ್ಷದ ಮೇ ತಿಂಗಳಲ್ಲಿ, ವರ್ಣಭೇದದ ಪ್ರಬಲ ವಕ್ತಾರ ಅಲಬಾಮದ ಗವರ್ನರ್ ಜಾರ್ಜ್ ವಾಲೇಸ್, ಗುಂಡೇಟು ತಿಂದು ಆಸ್ಪತ್ರೆ ಸೇರಿದ ಮರುದಿನವೇ, ಮಿಶಿಗನ್ನಿನ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯನ್ನು ಗೆದ್ದರು. ಅನುಕಂಪವೂ ಸ್ವಲ್ಪ ಸೇರಿದ್ದೀತು. ಬಸ್ಸಿನ ಮೇಲಿನ ಸಿಟ್ಟೇ ಹೆಚ್ಚು. 1974ರಲ್ಲಿ ಸುಪ್ರೀಂ ಕೋರ್ಟು 5–4ರ ಬಹುಮತದಿಂದ ಆ ಆಜ್ಞೆಯನ್ನು ರದ್ದುಗೊಳಿಸಿತು. ಬಸ್ಸು ರಸ್ತೆ ದಾಟಲಿಲ್ಲ. ಆದರೆ ಸಿಟ್ಟು ಉಳಿಯಿತು. ಕಾರ್ಖಾನೆಗಳು ಬಾಗಿಲು ಹಾಕತೊಡಗಿದಾಗ ಅದಕ್ಕೆ ಹೊಟ್ಟೆಯ ಉರಿಯೂ ಕೂಡಿಕೊಂಡಿತು. 1984ರಲ್ಲಿ ಇದೇ ಮಕೋಮಿನ ಮೂರರಲ್ಲಿ ಎರಡು ಪಾಲು ಮತ ರೇಗನ್ನರಿಗೆ ಬಿದ್ದಿತು. ‘ರೇಗನ್ ಡೆಮಾಕ್ರಾಟ್’ ಎಂಬ ಮಾತಿಗೆ ಮಕೋಮ್ ಮಾದರಿಯಾಯಿತು.

ವಿಚಿತ್ರವೆಂದರೆ ಓಕ್ಲೆಂಡ್ ಮೆಲ್ಲಗೆ ಎದುರು ದಿಕ್ಕಿಗೆ ಸಾಗಿತು. ಕಾಲೇಜು ಓದಿದ ಸ್ತ್ರೀಯರು, ವೈದ್ಯರು, ಇಂಜಿನಿಯರರು ಪಕ್ಷ ಬದಲಿಸಿದರು. ನಗರದಿಂದ ಹೊರಬಂದ ಕಪ್ಪು ಜನರು ಸೌತ್‌ಫೀಲ್ಡಿನಲ್ಲಿ ಬಹುಸಂಖ್ಯಾತರಾದರು. ಟ್ರಾಯ್, ನೋವೈ ಪಟ್ಟಣಗಳಲ್ಲಿ ಭಾರತೀಯರು ಮನೆ ಮಾಡಿದರು. ಮಿಶಿಗನ್ನಿನಲ್ಲಿ ಪಂಪನ ಹೆಸರಿನ ಕನ್ನಡ ಕೂಟವೂ ಇದೆ. 1996ರಿಂದ 2024ರವರೆಗೆ ಓಕ್ಲೆಂಡ್ ಒಮ್ಮೆಯೂ ರಿಪಬ್ಲಿಕನ್ ಅಭ್ಯರ್ಥಿಯನ್ನು ಗೆಲ್ಲಿಸಲಿಲ್ಲ.

ರಾಜ್ಯದಲ್ಲಿ ಒಂದು ಮತ ಹೆಚ್ಚು ಬಂದವರಿಗೇ ಮಿಶಿಗನ್ನಿನ ಎಲ್ಲ ನಿರ್ವಾಚಕರೂ ಸಲ್ಲುತ್ತಾರೆ. 2016ರಲ್ಲಿ ಟ್ರಂಪ್ ಅಲ್ಲಿ ಗೆದ್ದ ಅಂತರ ಕೇವಲ 10,704. ಮಕೋಮ್ ಒಂದೇ ಅವರಿಗೆ 48 ಸಾವಿರ ಮತಗಳ ಮುನ್ನಡೆ ಕೊಟ್ಟಿತ್ತು. ಅದೇ ಮಕೋಮ್ ಹಿಂದಿನ ಎರಡು ಚುನಾವಣೆಗಳಲ್ಲಿ ಒಬಾಮರನ್ನು ಗೆಲ್ಲಿಸಿತ್ತು! ಡೆಟ್ರಾಯಿಟಿನಲ್ಲಿ ಹಿಲರಿ ಕ್ಲಿಂಟನ್‌ರಿಗೆ ನೂರಕ್ಕೆ ತೊಂಬತ್ತೈದರಷ್ಟು ಮತ ಬಿದ್ದವು, ನಿಜ. ಆದರೆ 2012ರಲ್ಲಿ ಒಬಾಮರಿಗೆ ಬಿದ್ದುದಕ್ಕಿಂತ ಅವು 46 ಸಾವಿರಕ್ಕೂ ಹೆಚ್ಚು ಕಡಿಮೆ. ನಗರ ಎದುರು ಪಕ್ಷಕ್ಕೆ ಹೋಗಲಿಲ್ಲ. ಜನ ಕರಗಿದ್ದರು, ಉಳಿದವರಲ್ಲೂ ಹಲವರು ಮನೆಯಲ್ಲೇ ಉಳಿದರು. ಮಕೋಮಿನ ಮನ ಒಲಿಸಲು ಅಭ್ಯರ್ಥಿಗಳು ಮತ್ತೆ ಮತ್ತೆ ಓಡುವರು. ಡೆಟ್ರಾಯಿಟನ್ನು ಕೈಯಲ್ಲಿದ್ದ ಗಂಟೆಂದೇ ಎಣಿಸುವರು. 2020ರಲ್ಲಿ ಬೈಡನ್ ಒಂದೂವರೆ ಲಕ್ಷ ಮತಗಳಿಂದ ರಾಜ್ಯವನ್ನು ಮರಳಿ ಪಡೆದಾಗ ಒಂದು ಲಕ್ಷಕ್ಕೂ ಮಿಕ್ಕ ಮುನ್ನಡೆ ಓಕ್ಲೆಂಡ್ ಒಂದರಿಂದಲೇ ಬಂದಿತ್ತು. 2024ರಲ್ಲಿ ಟ್ರಂಪ್ ಪುನಃ ಗೆದ್ದರು.

ಮಕೋಮಿನ ಅಂಚಿನಲ್ಲಿ, ಎಂಟನೆಯ ಮೈಲಿಗೆ ತಾಗಿಕೊಂಡೇ ‘ಈಸ್ಟ್ ಡೆಟ್ರಾಯಿಟ್’ ಎಂಬ ಪುಟ್ಟ ಊರೊಂದಿತ್ತು. ಡೆಟ್ರಾಯಿಟಿನ ಹೆಸರು ತನಗೆ ಅಂಟದಿರಲೆಂದು ಅದು 1992ರಲ್ಲಿ ಈಸ್ಟ್‌ಪಾಯಿಂಟ್ ಎಂದು ಹೆಸರು ಬದಲಿಸಿಕೊಂಡಿತು. ಡೆಟ್ರಾಯಿಟಿನ ಕಪ್ಪು ಕುಟುಂಬಗಳು ಆ ಹೊಸ ಹೆಸರಿನ ಊರಿಗೂ ಬಂದವು. 2019ರಲ್ಲಿ ಈಸ್ಟ್‌ಪಾಯಿಂಟಿನ ಮತದಾರರು ಕಪ್ಪು ಮಹಿಳೆಯೊಬ್ಬರನ್ನು ಮೇಯರ್ ಆಗಿ ಆರಿಸಿದರು.