ಚಾಕುವಿನ ಕೀಲಿಗೆ ಗುಂಡೋ, ಬಿಲ್ಲೆಯೋ?

ಫ್ರಾನ್ಸಿನ ಸವೊಯ್ ಪ್ರಾಂತ್ಯದ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಮಡಚುವ ಚಾಕುವಿನ ಕೀಲಿನಲ್ಲಿ ಬೇರಿಂಗೂ ಇಲ್ಲ, ವಾಷರೂ ಇಲ್ಲ. ಮರದ ಹಿಡಿಯನ್ನು ಸೀಳಿ, ಅಲಗಿನ ಬುಡವನ್ನು ಅದರೊಳಗೆ ಕೂರಿಸಿ ಅಡ್ಡಕ್ಕೊಂದು ಮೊಳೆ ಹೊಡೆದರೆ ಕೀಲು ಮುಗಿಯಿತು. ನೆನೆದರೆ ಮರ ಉಬ್ಬಿ ಅಲಗನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಒಣಗಿದರೆ ಬಿಡುತ್ತದೆ. ಇಷ್ಟು ಸರಳವಾದ ಈ ಚಾಕು ಇಂದಿಗೂ ತಯಾರಾಗುತ್ತಿದೆ, ರೈತರ ಜೇಬಿನಲ್ಲೂ ಅಡುಗೆಮನೆಯಲ್ಲೂ ದುಡಿಯುತ್ತಿದೆ.

ಹಿಡಿ ಲೋಹದ್ದಾದರೆ ಈ ಸರಳತೆ ನಡೆಯುವುದಿಲ್ಲ. ಒಂದೇ ಬಗೆಯ ಲೋಹಗಳು ಒತ್ತಿಕೊಂಡು ಉಜ್ಜಿದರೆ ಅಲ್ಲಲ್ಲಿ ಅಂಟಿಕೊಂಡು ಕಿತ್ತುಬರುತ್ತವೆ. ಟೈಟಾನಿಯಂಗೆ ಈ ಚಾಳಿ ಇನ್ನೂ ಹೆಚ್ಚು. ಹಾಗಾಗಿ ಅಲಗಿಗೂ ಹಿಡಿಗೂ ನಡುವೆ ಎರಡೂ ಬದಿ ಒಂದೊಂದು ತೆಳು ಬಿಲ್ಲೆ, ಅಂದರೆ ವಾಷರ್, ಬೇಕಾಗುತ್ತದೆ. ಅಗ್ಗದ ಚಾಕುಗಳಲ್ಲಿ ಇದು ನೈಲಾನ್‌ನದು, ಒಳ್ಳೆಯವುಗಳಲ್ಲಿ ಫಾಸ್ಫರ್ ಬ್ರಾಂಜ್‌ನದು. ತಾಮ್ರಕ್ಕೆ ತವರ ಮತ್ತು ಚಿಟಿಕೆಯಷ್ಟು ರಂಜಕ ಬೆರೆಸಿದ ಕಂಚು ಅದು. ದಕ್ಷಿಣ ಆಫ್ರಿಕಾದಿಂದ ಅಮೆರಿಕದ ಐಡಹೊಗೆ ಬಂದು ನೆಲೆಸಿದ ಕ್ರಿಸ್ ರೀವ್ ಅವರ ಸೆಬೆಂಜಾ ಚಾಕುವಿಗೆ ಹೆಸರು ತಂದುಕೊಟ್ಟದ್ದರಲ್ಲಿ ಇಂಥ ಅಗಲವಾದ ಕಂಚಿನ ವಾಷರ್‌ಗಳ ಪಾಲು ದೊಡ್ಡದು.

ಆಮೇಲೆ ಬಂದದ್ದು ಗುಂಡು, ಅಂದರೆ ಬೇರಿಂಗ್. ಬ್ರೆಜಿಲ್‌ನ ಫ್ಲಾವಿಯೊ ಇಕೋಮಾ ಮತ್ತು ರಿಕ್ ಲಾಲಾ ರೂಪಿಸಿದ ಐಕೆಬಿಎಸ್ ವಿಧಾನ, ಸಾಸಿವೆ ಕಾಳಿನಷ್ಟು ಚಿಕ್ಕ ಉಕ್ಕಿನ ಗುಂಡುಗಳ ಮೇಲೆ ಅಲಗು ತಿರುಗುವ ಏರ್ಪಾಟನ್ನು ಚಾಕು ಲೋಕದಲ್ಲಿ ಜನಪ್ರಿಯಗೊಳಿಸಿತು. ಬೆರಳಿನಿಂದ ಸ್ವಲ್ಪ ತಳ್ಳಿದರೆ ಸಾಕು, ಅಲಗು ಹಾರಿ ನಿಲ್ಲುತ್ತದೆ. ಎಣ್ಣೆ ಹಚ್ಚಿದ ಕಂಚಿನ ಮೇಲೆ ಉಕ್ಕು ಜಾರುವಾಗ ಘರ್ಷಣೆಯ ಗುಣಾಂಕ ಸುಮಾರು 0.1. ಗುಂಡು ಉರುಳುವಾಗ ಅದು 0.01ಕ್ಕಿಂತಲೂ ಕಡಿಮೆ. ಹಗುರವಾಗಿ ತೆರೆಯುವ ವಿಷಯದಲ್ಲಿ ಗುಂಡಿಗೆ ಸಾಟಿಯಿಲ್ಲ, ಅದರಲ್ಲಿ ವಾದವೇ ಬೇಡ.

ಬಾಳಿಕೆಯ ಲೆಕ್ಕ ಬೇರೆ. ಅದನ್ನು ಹಾಕಲು ದಾರಿ ತೋರಿದವರು ಜರ್ಮನಿಯ ಹೈನ್‌ರಿಷ್ ಹರ್ಟ್ಜ್. ರೇಡಿಯೊ ತರಂಗಗಳಿಂದ ಪ್ರಸಿದ್ಧರಾಗುವ ಮುನ್ನ, 1880ರ ದಶಕದ ಆರಂಭದಲ್ಲಿ, ಎರಡು ಬಾಗಿದ ಮೈಗಳು ಒತ್ತಿಕೊಂಡಾಗ ಎಷ್ಟು ಜಾಗ ತಾಗುತ್ತದೆ, ಅಲ್ಲಿ ಒತ್ತಡ ಎಷ್ಟು ಎಂಬುದನ್ನು ಅವರು ಗಣಿತದಲ್ಲಿ ಬಿಡಿಸಿದ್ದರು. 1.5 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಟೈಟಾನಿಯಂ ಹಿಡಿಯ ಮೇಲೆ ಅರ್ಧ ಕಿಲೋ ಭಾರದಿಂದ ಒತ್ತಿದೆವು ಎನ್ನಿ. ಅವರ ಸೂತ್ರದ ಪ್ರಕಾರ ತಾಗುವ ಜಾಗದ ಅಗಲ ಮಿಲಿಮೀಟರಿನ ಹದಿನೈದನೇ ಒಂದು ಭಾಗ. ಅದರ ನಡುವೆ ಒತ್ತಡ ವಾತಾವರಣದ ಒತ್ತಡದ 20,000 ಪಟ್ಟಿಗೂ ಹೆಚ್ಚು. ಚಾಕುಗಳಿಗೆ ಬಳಸುವ ಟೈಟಾನಿಯಂ ಮಿಶ್ರಲೋಹ ಇದನ್ನು ತಾಳದೆ ಸ್ವಲ್ಪ ತಗ್ಗುತ್ತದೆ. ಬೆಂಕಿಯಲ್ಲಿ ಹದಗೊಂಡ ಅಲಗಿನ ಉಕ್ಕು ತಾಳುತ್ತದೆ. ಹೀಗಾಗಿ ಗಾಯವಾಗುವುದು ಹಿಡಿಗೆ. ಗುಂಡು ನೇರವಾಗಿ ಟೈಟಾನಿಯಂ ಮೇಲೆ ಓಡುವ ಚಾಕುವಿನ ಸ್ಕ್ರೂ ಬಿಚ್ಚಿ ಒಳಮೈಯನ್ನು ಬೆಳಕಿಗೆ ಹಿಡಿದರೆ, ಕೀಲಿನ ತೂತಿನ ಸುತ್ತ ಹೊಳೆಯುವ ತೆಳು ಗೆರೆಯೊಂದು ಉಂಗುರದಂತೆ ಕಾಣುತ್ತದೆ.

ಈ ಗೆರೆ ಕಂಡು ಗಾಬರಿಯಾಗುವವರಿದ್ದಾರೆ. ಗಾಬರಿ ಬೇಕಿಲ್ಲ. ಗೆರೆ ಆಳವಾದಂತೆ ಗುಂಡು ಅದರಲ್ಲಿ ಕುಳಿತು ಹೆಚ್ಚು ಜಾಗಕ್ಕೆ ತಾಗುತ್ತದೆ, ಒತ್ತಡ ಇಳಿಯುತ್ತದೆ, ಆಳವಾಗುವುದೂ ತಾನಾಗಿ ನಿಲ್ಲುತ್ತದೆ. ಅಷ್ಟರಲ್ಲಿ ಬಂದ ಅಲುಗಾಟವನ್ನು ಸ್ಕ್ರೂ ಕೊಂಚ ಬಿಗಿ ಮಾಡಿ ಸರಿಪಡಿಸಬಹುದು.

ನಿಜವಾಗಿ ಹೆದರಬೇಕಾದದ್ದು ಅಡ್ಡ ಒತ್ತಡಕ್ಕೆ. ಡಬ್ಬದ ಮುಚ್ಚಳ ಮೀಟಲು ಚಾಕುವಿನ ತುದಿ ಬಳಸಿದಾಗ ಅಲಗು ಸನ್ನೆಕೋಲಾಗುತ್ತದೆ. ತುದಿ ಕೀಲಿನಿಂದ 80 ಮಿಲಿಮೀಟರ್ ದೂರದಲ್ಲಿದೆ, ಗುಂಡುಗಳ ವೃತ್ತ ಕೇವಲ 8 ಮಿಲಿಮೀಟರ್ ಅಗಲ ಎನ್ನಿ. ತುದಿಯಲ್ಲಿ ಒಂದು ಕಿಲೋ ಬಲ ಹಾಕಿದರೆ ಕೀಲಿನ ಅಂಚಿಗೆ ಹತ್ತು ಕಿಲೋ ಬಲ ಬೀಳುತ್ತದೆ. ವಾಷರ್ ಇದ್ದರೆ ಆ ಭಾರ ಅಗಲವಾದ ಕಂಚಿನ ಮೈಗೆ ಹಂಚಿಹೋಗುತ್ತದೆ. ಬೇರಿಂಗ್ ಇದ್ದರೆ ಒಂದೆರಡು ಗುಂಡುಗಳು ಹೊರಬೇಕು. ಅಲ್ಲಿ ಆಗುವುದು ಉಂಗುರದ ಗೆರೆಯಲ್ಲ, ಚುಕ್ಕೆಯಂಥ ಗುಳಿ. ಮುಂದಿನ ಸಲ ಅಲಗು ತೆರೆಯುವಾಗ ಗುಂಡು ಆ ಗುಳಿಗೆ ಇಳಿದು ಹತ್ತುವುದು ಬೆರಳಿಗೆ ತಿಳಿಯುತ್ತದೆ. ಇಂಥ ಗುಳಿ ಬೀಳುವುದಕ್ಕೆ ಎಂಜಿನಿಯರ್‌ಗಳು ಬ್ರಿನೆಲಿಂಗ್ ಎನ್ನುತ್ತಾರೆ. ಗುಂಡಿನಿಂದ ಒತ್ತಿ ಗುಳಿಯ ಅಳತೆಯಿಂದ ಲೋಹದ ಗಡಸುತನ ತಿಳಿಯುವ ವಿಧಾನವನ್ನು 1900ರಲ್ಲಿ ಮುಂದಿಟ್ಟ ಸ್ವೀಡನ್ನಿನ ಯೋಹಾನ್ ಬ್ರಿನೆಲ್ ಅವರ ಹೆಸರಿದು.

ಬೇರಿಂಗ್ ಹುಟ್ಟಿದ್ದು ಸುತ್ತುತ್ತಲೇ ಇರುವ ಚಕ್ರಕ್ಕಾಗಿ. ವೇಲ್ಸ್‌ನ ಫಿಲಿಪ್ ವಾನ್ 1794ರಲ್ಲಿ ಗುಂಡುಗಳ ಬೇರಿಂಗ್‌ಗೆ ಪೇಟೆಂಟ್ ಪಡೆದದ್ದು ಗಾಡಿಯ ಅಚ್ಚಿಗೆ. ಚಕ್ರ ತಿರುಗುವಾಗ ಭಾರ ಎಲ್ಲ ಗುಂಡುಗಳಿಗೂ ಸರದಿಯಂತೆ ಬರುತ್ತದೆ. ಚಾಕುವಿನ ಅಲಗು ತಿರುಗುವುದು ಅರ್ಧ ಸುತ್ತು, ಗುಂಡುಗಳ ಸಾಲು ಸರಿಯುವುದು ಅದರಲ್ಲೂ ಅರ್ಧ. ಭಾರ ಬೀಳುವುದೋ ಅಲಗು ತೆರೆದು ನಿಂತಾಗ.

ಹಾಗಾದರೆ ಉಜ್ಜುತ್ತಲೇ ಇರುವ ಕಂಚು ಸವೆಯುವುದಿಲ್ಲವೇ? ಸವೆಯುತ್ತದೆ, ಆದರೆ ಬಲು ನಿಧಾನ. 10 ಮಿಲಿಮೀಟರ್ ಅಗಲದ ವಾಷರ್ ಮೇಲೆ ಅಲಗನ್ನು ಒಮ್ಮೆ ತೆರೆದು ಮುಚ್ಚಿದರೆ ಉಜ್ಜುವ ದೂರ ಸುಮಾರು 25 ಮಿಲಿಮೀಟರ್. ದಿನಕ್ಕೆ ನೂರು ಸಲ ತೆರೆದು ಮುಚ್ಚುವವರಿಗೂ ಹತ್ತು ವರ್ಷಕ್ಕೆ 9 ಕಿಲೋಮೀಟರ್ ಆದೀತು. ಎಣ್ಣೆ ಇದ್ದು ಒತ್ತಡ ಹಗುರವಾಗಿದ್ದರೆ, ಸವೆತದ ಮಾಮೂಲಿ ಸೂತ್ರದಂತೆ ಅಷ್ಟಕ್ಕೆ ಹೋಗುವುದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಅದು ಸರಿಹೋಗುತ್ತದೆ.

ಕೊಳೆಯ ಮುಂದೆಯೂ ವಾಷರ್‌ನದೇ ಮೇಲುಗೈ. ಚಪ್ಪಟೆ ಮೈಗಳು ಒಂದಕ್ಕೊಂದು ಒತ್ತಿಕೊಂಡಿರುವುದರಿಂದ ಮರಳು ಒಳಗೆ ಹೋಗಲು ಸಂದು ಕಡಿಮೆ, ನುಸುಳಿದ ಸಣ್ಣ ಕಣ ಮೆತ್ತನೆಯ ಕಂಚಿನಲ್ಲಿ ಹೂತುಹೋಗುತ್ತದೆ. ಗುಂಡುಗಳ ನಡುವೆ ಖಾಲಿ ಜಾಗ ಧಾರಾಳ. ಜೇಬಿನ ನೂಲು, ದೂಳು, ಮರಳು ಎಲ್ಲ ಅಲ್ಲಿ ಸೇರಿ ಓಟ ಕರಕರ ಎನ್ನುತ್ತದೆ. ಬೇರಿಂಗ್ ಗುಂಡಿನ ಮಾಮೂಲಿ ಉಕ್ಕಿನಲ್ಲಿ ಕ್ರೋಮಿಯಂ ಇರುವುದು ಸುಮಾರು ಶೇಕಡಾ 1.5 ಮಾತ್ರ, ಆದ್ದರಿಂದ ಒದ್ದೆಯಾದರೆ ತುಕ್ಕು ಹಿಡಿಯುತ್ತದೆ. ಸೆರಾಮಿಕ್ ಗುಂಡಿಗೆ ತುಕ್ಕಿಲ್ಲ. ಆದರೆ ಅದು ಉಕ್ಕಿಗಿಂತ ಗಡಸು, ಟೈಟಾನಿಯಂ ಅನ್ನು ಇನ್ನಷ್ಟು ಕೊರೆಯುತ್ತದೆ.

ಹಗ್ಗ ಕತ್ತರಿಸಲು, ಮೀನು ಸೀಳಲು, ತೋಟದ ಮಣ್ಣಿನಲ್ಲಿ ಬಳಸಲು ಚಾಕು ಬೇಕಾದವರಿಗೆ ನಾನು ಹೇಳುವುದು ಕಂಚಿನ ವಾಷರ್. ಕಾಗದ, ಪಾರ್ಸೆಲ್ ಬಿಚ್ಚುವ ಕೈಗೆ ಬೇರಿಂಗ್ ಧಾರಾಳವಾಗಿ ಸಾಕು. ಕೊಳ್ಳುವ ಮೊದಲು ಒಂದು ಮಾತು ವಿಚಾರಿಸಿ: ಗುಂಡುಗಳಿಗೂ ಟೈಟಾನಿಯಂಗೂ ನಡುವೆ ಹದಗೊಳಿಸಿದ ಉಕ್ಕಿನ ತೆಳು ಬಿಲ್ಲೆ ಇಟ್ಟಿದ್ದಾರೆಯೇ? ಇಟ್ಟಿದ್ದರೆ ಅರ್ಧ ಕಿಲೋ ಭಾರಕ್ಕೆ ಗುಂಡಿನ ಗುರುತೂ ಬೀಳುವುದಿಲ್ಲ.