ಮಣಿಕಟ್ಟಿನ ಮೇಲೆ ಮೂರು ಬೆರಳು

ರೋಗಿ ಕೈ ಚಾಚುತ್ತಾನೆ. ವೈದ್ಯ ಆ ಕೈಯನ್ನು ಪುಟ್ಟ ದಿಂಬಿನ ಮೇಲಿರಿಸಿ, ಮಣಿಕಟ್ಟಿನ ಮೇಲೆ ಮೂರು ಬೆರಳೂರಿ ಸುಮ್ಮನಾಗುತ್ತಾನೆ. ಚೀನಾದ ಪರಂಪರಾಗತ ವೈದ್ಯದಲ್ಲಿ ಈ ಮೌನಕ್ಕೆ ಎರಡು ಸಾವಿರ ವರ್ಷಗಳ ಹಿನ್ನೆಲೆಯಿದೆ.

ಮೂರು ಬೆರಳಿಗೆ ಮೂರು ತಾಣ. ಎಡಗೈಯಲ್ಲಿ ಅವು ಕ್ರಮವಾಗಿ ಹೃದಯ, ಯಕೃತ್ತು, ಮೂತ್ರಪಿಂಡಗಳಿಗೆ ಸೇರಿದವು. ಬಲಗೈಯಲ್ಲಿ ಶ್ವಾಸಕೋಶ, ಗುಲ್ಮ, ಮತ್ತೆ ಮೂತ್ರಪಿಂಡ. ಹಗುರವಾಗಿ ಮುಟ್ಟಿದರೆ ಒಂದು ಸುದ್ದಿ, ಅದುಮಿದರೆ ಇನ್ನೊಂದು. ಗಡಿಯಾರವಿಲ್ಲದ ಆ ಕಾಲದಲ್ಲಿ ವೈದ್ಯನ ಉಸಿರೇ ಅಳತೆಗೋಲು. ಅವನ ಒಂದು ಉಸಿರಾಟಕ್ಕೆ ರೋಗಿಯ ನಾಡಿ ನಾಲ್ಕೈದು ಬಾರಿ ಮಿಡಿದರೆ ಆರೋಗ್ಯ. ಆದ್ದರಿಂದಲೇ ವೈದ್ಯ ಮೊದಲು ತಾನು ಶಾಂತನಾಗಿರಬೇಕು. ಓಡೋಡಿ ಬಂದ ವೈದ್ಯನ ಲೆಕ್ಕ ತಪ್ಪದೆ ಇರುತ್ತದೆಯೇ?

ಮೂರನೆಯ ಶತಮಾನದ ವಾಂಗ್ ಶುಹೆ ಎಂಬ ವೈದ್ಯ ‘ಮೈ ಜಿಂಗ್’ ಗ್ರಂಥದಲ್ಲಿ 24 ಬಗೆಯ ನಾಡಿಗಳನ್ನು ವಿಂಗಡಿಸಿದ. 1564ರಲ್ಲಿ ಲಿ ಷಿಜೆನ್ ಅವುಗಳನ್ನು 27ಕ್ಕೆ ಏರಿಸಿದ. ನೀರ ಮೇಲೆ ತೇಲುವ ಕಟ್ಟಿಗೆಯಂಥದು ಒಂದು, ಬಿಗಿದ ತಂತಿಯಂಥದು ಮತ್ತೊಂದು; ತಟ್ಟೆಯಲ್ಲಿ ಮುತ್ತು ಉರುಳಿದಂತೆ ನುಣ್ಣಗೆ ಜಾರುವ ನಾಡಿ ಗರ್ಭಿಣಿಯ ಲಕ್ಷಣ. ಹಾವು, ಕಪ್ಪೆ, ಹಂಸಗಳ ನಡಿಗೆಗೆ ನಾಡಿಯನ್ನು ಹೋಲಿಸುವ ನಮ್ಮ ವೈದ್ಯರಿಗೆ ಈ ಭಾಷೆ ಅಪರಿಚಿತವೇನಲ್ಲ. ಆದರೆ ನಮ್ಮಲ್ಲಿ ನಾಡಿ ಪರೀಕ್ಷೆ ವಿವರವಾಗಿ ಕಾಣಿಸಿಕೊಳ್ಳುವುದು ಚರಕ, ಸುಶ್ರುತರಲ್ಲಿ ಅಲ್ಲ, ಎಷ್ಟೋ ಕಾಲದ ನಂತರದ ಶಾರ್ಙ್ಗಧರ ಸಂಹಿತೆಯಲ್ಲಿ.

ಚೀನೀಯರ ಈ ವಿದ್ಯೆಯಿಂದ ಆಕರ್ಷಿತನಾದ ಇಂಗ್ಲಿಷ್ ವೈದ್ಯ ಜಾನ್ ಫ್ಲಾಯರ್, ನಾಡಿ ಎಣಿಸಲೆಂದೇ ಒಂದು ನಿಮಿಷ ಓಡುವ ಗಡಿಯಾರ ಮಾಡಿಸಿ, 1707ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಹೋಲಿಕೆಗಳು ಹಿಂದೆ ಉಳಿದವು. ಪಶ್ಚಿಮ ಎಣಿಕೆಯ ದಾರಿ ಹಿಡಿಯಿತು.

ಎಣಿಕೆಗೆ ವಾದವಿಲ್ಲ. ತೊಡಕಿರುವುದು ಬೆರಳಿನ ಅನುಭವದಲ್ಲಿ. ಒಬ್ಬ ವೈದ್ಯ ತಂತಿ ಎಂದದ್ದನ್ನು ಇನ್ನೊಬ್ಬ ಮುತ್ತು ಎಂದರೆ ಔಷಧಿಯೇ ಬದಲಾಗುತ್ತದೆ. ಒಂದೇ ಕೈಯನ್ನು ಹಲವರಿಗೆ ತೋರಿಸಿದ ಪರೀಕ್ಷೆಗಳಲ್ಲಿ ಇಂಥ ಭಿನ್ನಮತ ಮತ್ತೆ ಮತ್ತೆ ಕಂಡಿದೆ.

2014ರಲ್ಲಿ ಬೀಜಿಂಗ್‌ನ ಆಧುನಿಕ ವೈದ್ಯರೊಬ್ಬರು ಪಂಥ ಕಟ್ಟಿದರು. ನಾಡಿಯೊಂದರಿಂದಲೇ ಗರ್ಭಿಣಿಯರನ್ನು ನೂರಕ್ಕೆ 80ರಷ್ಟು ಸರಿಯಾಗಿ ಗುರುತಿಸಿದವರಿಗೆ 50,000 ಯುವಾನ್ ಬಹುಮಾನ. ಪಾರಂಪರಿಕ ವೈದ್ಯರೊಬ್ಬರು ಒಪ್ಪಿ ಮುಂದೆ ಬಂದರು, ಆಮೇಲೆ ಹಿಂದೆ ಸರಿದರು. ಪರೀಕ್ಷೆ ನಡೆಯಲಿಲ್ಲ.

ನಾಡಿಯೊಂದನ್ನೇ ನಂಬಿ ನಾವು ರೋಗ ಹೇಳುವುದಿಲ್ಲ ಎಂಬುದು ಈ ಪರಂಪರೆಯವರ ಉತ್ತರ. ಅದರಲ್ಲಿ ಹುರುಳಿದೆ. ನೋಡುವುದು, ಆಲಿಸಿ ಮೂಸುವುದು, ಕೇಳುವುದು, ಮುಟ್ಟುವುದು ಎಂಬ ನಾಲ್ಕು ಪರೀಕ್ಷೆಗಳಲ್ಲಿ ಅವರ ಗ್ರಂಥಗಳು ನಾಡಿಯನ್ನು ಇಟ್ಟಿರುವುದು ಕೊನೆಗೆ.