ತೂಕ ಇಳಿಸುವ ಮುನ್ನ ಬೋಧನೆಯನ್ನೂ ತೂಗಿ ನೋಡಿ

ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುತ್ತೀರಿ. ತೆಂಗಿನಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತೀರಿ. ಸೀರೆಯಾದರಂತೂ ಸೆರಗು ಬಿಚ್ಚಿಸಿ ನೋಡದೆ ದುಡ್ಡು ಕೊಡುವವರೇ ಅಲ್ಲ. ಆದರೆ ‘ದೇವರ ಮಾರ್ಗದಲ್ಲಿ ತೂಕ ಇಳಿಸಿ’, ‘ಬೈಬಲ್ ಪ್ರಕಾರ ಸಂಸಾರ ಸರಿಪಡಿಸಿಕೊಳ್ಳಿ’ ಅಂತ ಗೆಳತಿ ಒಂದು ಪುಸ್ತಕ ಕೈಗಿಟ್ಟರೆ, ಇಲ್ಲವೇ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕಳಿಸಿದರೆ? ‘ದೇವರ ವಿಷಯ ತಾನೇ, ಕೆಟ್ಟದ್ದೇನಿರುತ್ತೆ’ ಅಂದುಕೊಂಡು ಮಾರನೇ ದಿನದಿಂದಲೇ ಶುರು!

ಸ್ವಲ್ಪ ತಾಳಿ. ಅಮೆರಿಕದಲ್ಲಿ ಸಾವಿರಾರು ಗೃಹಿಣಿಯರು ಹೀಗೆಯೇ ನಂಬಿ ಹೊರಟ ಒಂದು ಕಥೆ ಇದೆ. ಕೇಳಿ.

ತಟ್ಟೆಯಿಂದ ಶುರುವಾಯ್ತು

ಟೆನಿಸ್ಸಿ ರಾಜ್ಯದ ಗ್ವೆನ್ ಶಾಂಬ್ಲಿನ್ ಪೌಷ್ಟಿಕ ಆಹಾರದ ವಿಷಯ ಓದಿದ್ದ ಮಹಿಳೆ. 1986ರಲ್ಲಿ ಅವರು ‘ವೇ ಡೌನ್ ವರ್ಕ್‌ಷಾಪ್’ ಎಂಬ ತೂಕ ಇಳಿಸುವ ತರಗತಿ ಆರಂಭಿಸಿದರು. ಸೂತ್ರ ತುಂಬಾ ಸರಳ. ಇಂಥದ್ದು ತಿನ್ನಬಾರದು ಎಂಬ ಪಥ್ಯವಿಲ್ಲ, ಕ್ಯಾಲೊರಿ ಲೆಕ್ಕವಿಲ್ಲ. ಹೊಟ್ಟೆ ನಿಜವಾಗಿ ಹಸಿದಾಗ ಮಾತ್ರ ತಿನ್ನಿ, ತುಂಬಿದ ಕೂಡಲೇ ಕೈ ತೊಳೆಯಿರಿ. ಸುಮ್ಮಸುಮ್ಮನೆ ಬಾಯಾಡಿಸುವ ಆಸೆಯಾದಾಗ ಪ್ರಾರ್ಥನೆ ಮಾಡಿ. ಅಷ್ಟೇ!

ಯಾರು ತಾನೇ ಬೇಡ ಅಂತಾರೆ? 1990ರ ದಶಕದಲ್ಲಿ ಇದು ಚರ್ಚ್‌ನಿಂದ ಚರ್ಚ್‌ಗೆ ಹಬ್ಬಿತು. 1997ರಲ್ಲಿ ಬಂದ ‘ದಿ ವೇ ಡೌನ್ ಡಯಟ್’ ಪುಸ್ತಕದ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಅನೇಕರ ತೂಕ ನಿಜವಾಗಿಯೂ ಇಳಿಯಿತು. ಅದನ್ನು ಅಲ್ಲಗಳೆಯುವಂತಿಲ್ಲ.

1999ರಲ್ಲಿ ಗ್ವೆನ್ ‘ರೆಮ್ನೆಂಟ್ ಫೆಲೋಶಿಪ್’ ಎಂಬ ತಮ್ಮದೇ ಸಭೆ ಕಟ್ಟಿದರು. 2000ದ ಆಗಸ್ಟ್‌ನಲ್ಲಿ ತಮ್ಮ ಅನುಯಾಯಿಗಳಿಗೆ ಕಳಿಸಿದ ಇ-ಮೇಲ್‌ನಲ್ಲಿ ತ್ರಿಯೇಕ ದೇವರ ತತ್ವ ಬೈಬಲ್‌ನಲ್ಲಿಲ್ಲ ಎಂದರು. ತಂದೆ, ಮಗ, ಪವಿತ್ರಾತ್ಮ ಒಬ್ಬರೇ ದೇವರು ಎಂಬುದು ಕ್ರೈಸ್ತ ನಂಬಿಕೆಯ ತಳಪಾಯ. ಕ್ಯಾಥೊಲಿಕರು, ಸಿಎಸ್‌ಐನವರು, ಆರ್ಥೊಡಾಕ್ಸ್‌ನವರು, ಎಲ್ಲರ ವಿಶ್ವಾಸ ಪ್ರಮಾಣದಲ್ಲೂ ಇರುವುದು ಇದೇ. ಹಾಗಾಗಿ ಹಲವು ಚರ್ಚ್‌ಗಳು ತರಗತಿ ನಿಲ್ಲಿಸಿದವು. ಥಾಮಸ್ ನೆಲ್ಸನ್ ಪ್ರಕಾಶನ ಅವರ ಹೊಸ ಪುಸ್ತಕವನ್ನೇ ಕೈಬಿಟ್ಟಿತು.

‘ತತ್ವ ನಮಗ್ಯಾಕೆ, ಡಯಟ್ ಸಾಕು’

ಆಗ ಎಷ್ಟೋ ಮಹಿಳೆಯರು ಕೇಳಿದ್ದು ಇದನ್ನೇ. ತ್ರಿಯೇಕತ್ವಕ್ಕೂ ನನ್ನ ಸೊಂಟದ ಸುತ್ತಳತೆಗೂ ಏನು ಸಂಬಂಧ ಅಂತ!

ಸಂಬಂಧ ಇತ್ತು. ಗ್ವೆನ್ ಬೋಧನೆಯಲ್ಲಿ ಎಲ್ಲಕ್ಕಿಂತ ದೊಡ್ಡದು ವಿಧೇಯತೆ. ಮಗನಾದ ಕ್ರಿಸ್ತನ ಹಿರಿಮೆಯೂ ತಂದೆಗೆ ವಿಧೇಯನಾಗಿದ್ದುದರಲ್ಲೇ ಎಂಬುದು ಅವರ ವಾದ. ಅತಿಯಾಗಿ ತಿನ್ನುವುದು ಅವಿಧೇಯತೆ, ಅಂದರೆ ಪಾಪ. ಹಾಗಾದರೆ ದಪ್ಪಗಿರುವವಳು? ಅವಳ ಪಾಪ ಊರಿಗೆಲ್ಲ ಕಾಣುವಂಥದ್ದು! ಥೈರಾಯ್ಡ್, ಬಾಣಂತನ, ಮುಟ್ಟು ನಿಲ್ಲುವ ಕಾಲ ಇವನ್ನೆಲ್ಲ ಯಾರು ಕೇಳಬೇಕು? ತೂಕದ ಯಂತ್ರವೇ ಭಕ್ತಿ ಅಳೆಯುವ ಯಂತ್ರವಾಯಿತು. ತೂಕ ಹೆಚ್ಚಾದಾಗ ಅನುಭವಿಸಿದ ಅವಮಾನ, ಒತ್ತಡವನ್ನು ಸಭೆ ಬಿಟ್ಟು ಬಂದ ಹಲವರು ಆಮೇಲೆ ಹೇಳಿಕೊಂಡಿದ್ದಾರೆ.

ಬೋಧನೆ ತಟ್ಟೆಗೇ ನಿಲ್ಲಲಿಲ್ಲ. ದಾಂಪತ್ಯ, ಮಕ್ಕಳ ಶಿಸ್ತು ಎಲ್ಲಕ್ಕೂ ಪಾಠ ಬಂತು. 2003ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಈ ಸಭೆಗೆ ಸೇರಿದ್ದ ದಂಪತಿಯ 8 ವರ್ಷದ ಮಗ ತೀರಿಕೊಂಡ. ಕೊಲೆ ಸಾಬೀತಾಗಿ 2007ರಲ್ಲಿ ಹೆತ್ತವರಿಗೇ ಜೀವಾವಧಿ ಶಿಕ್ಷೆಯಾಯಿತು. ಸಭೆಯ ಮೇಲೆ ಯಾವ ಮೊಕದ್ದಮೆಯೂ ಆಗಲಿಲ್ಲ, ನಿಜ. ಆದರೆ ಸಭೆ ಆ ದಂಪತಿಯ ಬೆನ್ನಿಗೆ ನಿಂತಿತ್ತು ಎಂಬುದೂ ನಿಜ. 2021ರ ಮೇನಲ್ಲಿ ಟೆನಿಸ್ಸಿಯಲ್ಲಿ ಪುಟ್ಟ ಜೆಟ್ ವಿಮಾನ ಸರೋವರಕ್ಕೆ ಬಿದ್ದು ಗ್ವೆನ್, ಅವರ ಪತಿ ಸೇರಿ 7 ಮಂದಿ ಸತ್ತರು.

ಡಯಟ್ ಬೇಕು ಅಂತ ಹೋದವರ ತಲೆಯೊಳಗೆ ದೇವರ ಚಿತ್ರವೇ ಬದಲಾಗಿತ್ತು. ಕ್ಷಮಿಸುವ ದೇವರು ಹೋಗಿ ತಕ್ಕಡಿ ಹಿಡಿದ ದೇವರು ಬಂದಿದ್ದ. ನೀವು ಪರೀಕ್ಷಿಸಬೇಕಾದದ್ದು ಇಲ್ಲೇ.

ಸೇರುವ ಮುನ್ನ ಹೀಗೆ ಮಾಡಿ

* ಬೋಧಕರು ಯಾವ ಸಭೆಯವರು, ಅವರ ವಿಶ್ವಾಸ ಪ್ರಮಾಣ ಏನು ಅಂತ ಕೇಳಿ. ದೇವರು, ಕ್ರಿಸ್ತ, ಕ್ಷಮೆ ಈ ಮೂರರ ಬಗ್ಗೆ ಏನು ಹೇಳುತ್ತಾರೆ ಎಂದು ನಿಮ್ಮ ಫಾದರ್ ಅಥವಾ ಪಾಸ್ಟರ್ ಹತ್ತಿರ ಒಮ್ಮೆ ಮಾತಾಡಿ.

* ‘ನನ್ನಿಂದ ಆಗದಿದ್ದರೆ?’ ಅಂತ ಕೇಳಿ ನೋಡಿ. ‘ಪರವಾಗಿಲ್ಲ, ಮತ್ತೆ ಪ್ರಯತ್ನಿಸೋಣ’ ಎನ್ನುತ್ತಾರೋ, ‘ನಿಮ್ಮ ನಂಬಿಕೆ ಸಾಲದು’ ಎನ್ನುತ್ತಾರೋ? ಎರಡನೆಯದಾದರೆ ಚಪ್ಪಲಿ ಮೆಟ್ಟಿ ಮನೆಗೆ ಬನ್ನಿ.

* ಪ್ರಶ್ನೆ ಕೇಳಿದವರನ್ನು, ಬಿಟ್ಟುಹೋದವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಗಮನಿಸಿ. ಬಿಟ್ಟವರ ಜೊತೆ ಮಾತು ಬೇಡ ಎಂದರೆ ಅದು ಅಪಾಯದ ಗಂಟೆ.

* ಬೋಧಕರಿಗೂ ಅದೇ ನಿಯಮ ಉಂಟೇ? ಹೆಂಗಸರಿಗೆ ವಿಚ್ಛೇದನ ಬೇಡ ಅಂತ ಗ್ವೆನ್ ಬುದ್ಧಿ ಹೇಳುತ್ತಿದ್ದರು ಎನ್ನುತ್ತಾರೆ ಸಭೆ ಬಿಟ್ಟವರು. ಅದೇ ಗ್ವೆನ್ 2018ರಲ್ಲಿ ವಿಚ್ಛೇದನ ಪಡೆದು ಮರುಮದುವೆಯಾದರು.

* ಮಾತ್ರೆ ಬಿಡಿ, ಡಾಕ್ಟರು ಬೇಡ ಎಂದರೆ ಒಪ್ಪಲೇಬೇಡಿ. ‘ಹಸಿದಾಗ ಮಾತ್ರ ಊಟ’ ಎಂಬ ಸೂತ್ರ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ, ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಒಗ್ಗದೇ ಇರಬಹುದು.

* ಮನೆಯಲ್ಲಿ ಗಂಡನಿಗೆ, ಅಕ್ಕತಂಗಿಯರಿಗೆ ಹೇಳಿಯೇ ಸೇರಿ. ಮುಚ್ಚಿಡಬೇಕು ಅನ್ನಿಸಿದರೆ ಯಾಕೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಈಗಾಗಲೇ ಸೇರಿಬಿಟ್ಟಿದ್ದೀರಾ? ಗಾಬರಿ ಬೇಡ. ಹಿತಮಿತವಾಗಿ ಉಣ್ಣುವ ಅಭ್ಯಾಸ ಒಳ್ಳೆಯದೇ, ಅದನ್ನು ಉಳಿಸಿಕೊಳ್ಳಿ. ಅದಕ್ಕಾಗಿ ಯಾರಿಗೂ ಶಿಷ್ಯೆಯಾಗಬೇಕಿಲ್ಲ, ನಮ್ಮ ಅಜ್ಜಿಯರೂ ಅದನ್ನೇ ಹೇಳುತ್ತಿದ್ದರು. ಆದರೆ ತರಗತಿಯಿಂದ ಬಂದ ಮೇಲೆ ಮನಸ್ಸು ಹಗುರವಾಗಿದೆಯೋ, ಹೆದರಿಕೆ ಹೆಚ್ಚಿದೆಯೋ ನೋಡಿಕೊಳ್ಳಿ.

ಪರೀಕ್ಷಿಸುವುದು ಅಪನಂಬಿಕೆ ಅಲ್ವೇ ಎನ್ನುವವರಿಗೆ ಒಂದು ಮಾತು. ಬೈಬಲ್‌ನ ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯದಲ್ಲಿ ಬೆರೋಯ ಊರಿನವರ ಪ್ರಸ್ತಾಪವಿದೆ. ಬೋಧಿಸಲು ಬಂದವನು ಸಾಕ್ಷಾತ್ ಪೌಲನೇ ಆದರೂ ಅವರು ದಿನಾ ಶಾಸ್ತ್ರ ತೆರೆದು, ಅವನು ಹೇಳಿದ್ದು ಹೌದೋ ಅಲ್ಲವೋ ಅಂತ ನೋಡಿದರಂತೆ. ಅದಕ್ಕಾಗಿ ಅವರಿಗೆ ಬೈಗುಳವಲ್ಲ, ಮೆಚ್ಚುಗೆಯೇ ಸಿಕ್ಕಿತು.

ಪೌಲನನ್ನೇ ಪರೀಕ್ಷಿಸಬಹುದಾದರೆ ವಿಡಿಯೊದಲ್ಲಿ ಬಂದವರನ್ನು ಪರೀಕ್ಷಿಸಲು ಅಳುಕೇಕೆ? ಬೆಂಡೆಕಾಯಿಯದು ಒಂದು ಹೊತ್ತಿನ ಪಲ್ಯದ ಮಾತು. ಇದು ಬದುಕಿನ ಮಾತು. ತುದಿ ಮುರಿದು ನೋಡಿಯೇ ಬುಟ್ಟಿಗೆ ಹಾಕಿಕೊಳ್ಳಿ. ಏನಂತೀರಿ?